ಸಿನಿಮಾ ಮಾತು: ಮನೆಯ ಪರದೆಗೆ ಒಗ್ಗುವ ಚಿತ್ರಗಳು

ಪ್ರಶ್ನೆ: ಇತ್ತೀಚೆಗೆ ಮನೆಯಲ್ಲಿ ನೋಡಿದ ಚಿತ್ರಗಳಲ್ಲಿ ನಿಮಗೆ ತುಂಬಾ ಹಿಡಿಸಿದ್ದು ಯಾವುದು?

ಉತ್ತರ: ಯೋಚನೆಯೇ ಮಾಡದೆ ಹೇಳ್ತೀನಿ, ‘12 ಆಂಗ್ರಿ ಮೆನ್’. 1957ರ ಕಪ್ಪು-ಬಿಳುಪು ಚಿತ್ರ. ತಂದೆಯನ್ನೇ ಕೊಂದ ಆರೋಪ ಹೊತ್ತ ಹುಡುಗನೊಬ್ಬನ ವಿಚಾರಣೆ ಮುಗಿದಿದೆ. ಹನ್ನೆರಡು ಮಂದಿ ಜ್ಯೂರಿಗಳು, ಅಂದರೆ ತೀರ್ಪು ಹೇಳಲು ಆರಿಸಿದ ಸಾಮಾನ್ಯ ಜನ, ಒಂದು ಕೋಣೆಯಲ್ಲಿ ಕೂತು ಒಮ್ಮತದ ತೀರ್ಮಾನ ಕೊಡಬೇಕು. ಹನ್ನೊಂದು ಜನ ‘ತಪ್ಪಿತಸ್ಥ’ ಅಂತ ಕೈ ಎತ್ತುತ್ತಾರೆ. ಒಬ್ಬ ಎತ್ತುವುದಿಲ್ಲ. ಹೆಚ್ಚುಕಡಿಮೆ 96 ನಿಮಿಷವೂ ಆ ಕೋಣೆಯಲ್ಲೇ ಕಳೆಯುತ್ತದೆ.

ಕಥೆ ಮೊದಲೇ ಗೊತ್ತಿದ್ದರಿಂದ ಈ ಸಲ ನಾನು ಕ್ಯಾಮೆರಾ ಕಡೆ ಗಮನ ಕೊಟ್ಟೆ. ಶುರುವಿನಲ್ಲಿ ಅದು ಎಲ್ಲರ ಕಣ್ಣಿನ ಮಟ್ಟಕ್ಕಿಂತ ಮೇಲಿರುತ್ತದೆ. ಆಮೇಲೆ ಕಣ್ಣಿನ ಮಟ್ಟಕ್ಕೆ ಇಳಿಯುತ್ತದೆ. ಕೊನೆಕೊನೆಗೆ ಇನ್ನೂ ಕೆಳಗೆ ಹೋಗಿ, ತಲೆಯ ಮೇಲಿನ ಚಾವಣಿಯೂ ಕಾಣತೊಡಗುತ್ತದೆ. ಲೆನ್ಸ್ ಕೂಡ ಬದಲಾಗುತ್ತಾ ಹೋಗಿ, ಹಿಂದಿನ ಗೋಡೆ ಹತ್ತಿರಕ್ಕೆ ಸರಿದ ಹಾಗೆ ಕಾಣುತ್ತದೆ. ನಿರ್ದೇಶಕ ಸಿಡ್ನಿ ಲ್ಯೂಮೆಟ್ ಇದನ್ನೆಲ್ಲ ಬೇಕೆಂದೇ ಮಾಡಿದ್ದು. ಅದು ಅವರ ಮೊದಲ ಸಿನಿಮಾ ಅಂದರೆ ನಂಬೋದು ಕಷ್ಟ, ಅಲ್ವಾ?

ಒಂದು ಚಿಕ್ಕ ಜಾಗ ನನಗೆ ಬಹಳ ಇಷ್ಟ. ಕನ್ನಡಕ ಹಾಕಿದ ಜ್ಯೂರಿಯೊಬ್ಬ ಇದ್ದಾನೆ. ಎಲ್ಲರೂ ಸೆಕೆಗೆ ಒದ್ದೆಯಾಗಿದ್ದರೂ ಅವನು ಕೋಟು ಬಿಚ್ಚುವುದಿಲ್ಲ. ‘ನಾನು ಬೆವರುವುದೇ ಇಲ್ಲ’ ಅನ್ನುವ ಆಸಾಮಿ. ಕೊಲೆಯಾದ ರಾತ್ರಿ ಸಿನಿಮಾಗೆ ಹೋಗಿದ್ದೆ ಅಂತ ಹುಡುಗ ಹೇಳಿರುತ್ತಾನೆ, ಆದರೆ ಚಿತ್ರದ ಹೆಸರು ನೆನಪಿರುವುದಿಲ್ಲ. ಅದು ಸುಳ್ಳು ಅನ್ನುವುದು ಈ ಕನ್ನಡಕದವನ ವಾದ. ಆಗ ಅವನಿಗೇ ಪ್ರಶ್ನೆ ಬರುತ್ತದೆ: ಕೆಲವು ದಿನದ ಹಿಂದೆ ನೀವು ನೋಡಿದ ಸಿನಿಮಾ ಯಾವುದು? ಅವನು ಹೆಸರು ತಪ್ಪು ಹೇಳುತ್ತಾನೆ. ಹಣೆಯ ಮೇಲೆ ಬೆವರು ಮೂಡುತ್ತದೆ. ಮುಖ ಹತ್ತಿರದಿಂದ ಕಾಣುವ ಕಡೆ ಕೂತು ನೋಡಿ. ಟಿವಿಯಲ್ಲಿ ಒಂದು ಮುಖ ಸುಮಾರಾಗಿ ನಮ್ಮ ಮುಖದಷ್ಟೇ ದೊಡ್ಡದು. ಎದುರಿಗೆ ಕೂತವನು ತಡವರಿಸಿದಂತೆಯೇ ಇರುತ್ತದೆ. ನಾಲ್ಕು ಗೋಡೆಯ ಕಥೆಗಳು ಮನೆಯಲ್ಲಿ ಏನನ್ನೂ ಕಳೆದುಕೊಳ್ಳುವುದಿಲ್ಲ ಅಂತ ನಾನು ಪೂರ್ತಿ ನಂಬಿದ್ದೇನೆ.

ಪ್ರಶ್ನೆ: ನಮ್ಮ ಅಜ್ಜಿಗೆ ಕಿವಿ ಸ್ವಲ್ಪ ಮಂದ. ಮಗನಿಗೆ ಹತ್ತು ವರ್ಷ. ಎಲ್ಲರೂ ಒಟ್ಟಿಗೆ ನೋಡುವಂಥ ಒಂದು ಸಿನಿಮಾ ಹೇಳಿ.

ಉತ್ತರ: ‘ಪುಷ್ಪಕ ವಿಮಾನ’ (1987). ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶನ, ಕಮಲ್ ಹಾಸನ್ ನಾಯಕ. ಇಡೀ ಚಿತ್ರದಲ್ಲಿ ಮಾತಿಲ್ಲ. ಅಜ್ಜಿಯೂ ಮೊಮ್ಮಗನೂ ಒಂದೇ ಹೊತ್ತಿಗೆ ನಗುತ್ತಾರೆ, ಒಬ್ಬರಿಗೆ ಇನ್ನೊಬ್ಬರು ವಿವರಿಸುವ ಕೆಲಸವೇ ಇಲ್ಲ.

ಕೆಲಸವಿಲ್ಲದ ಹುಡುಗನೊಬ್ಬ ಕುಡಿದು ಬಿದ್ದ ಶ್ರೀಮಂತನನ್ನು ತನ್ನ ಕೋಣೆಯಲ್ಲಿ ಕೂಡಿಹಾಕಿ, ಅವನ ಐಷಾರಾಮಿ ಹೋಟೆಲ್ ರೂಮಿಗೆ ಹೋಗಿ ಸೇರಿಕೊಳ್ಳುತ್ತಾನೆ. ಮೆತ್ತನೆ ಹಾಸಿಗೆ ಸಿಕ್ಕರೂ ನಿದ್ದೆ ಮಾತ್ರ ಬರುವುದಿಲ್ಲ. ಯಾಕೆಂದರೆ ಅವನ ಹಳೇ ಕೋಣೆ ಸಿನಿಮಾ ಥಿಯೇಟರಿನ ಪಕ್ಕದಲ್ಲಿದೆ, ಆ ಗಲಾಟೆಗೆ ಕಿವಿ ಒಗ್ಗಿಹೋಗಿದೆ. ಕೊನೆಗೆ ಆ ಸದ್ದನ್ನೇ ಟೇಪಿನಲ್ಲಿ ತುಂಬಿಸಿಕೊಂಡು ಬಂದು, ಹಾಕಿಕೊಂಡು ಮಲಗುತ್ತಾನೆ. ಮಾತಿಲ್ಲದ ಚಿತ್ರದಲ್ಲಿ ಸದ್ದಿಗೆ ಕೊಟ್ಟಿರುವ ಬೆಲೆ ನೋಡಿ! ಇಂಥ ಜಾಗ ಬಂದಾಗ ಮಾತ್ರ ಅಜ್ಜಿಗೆ ಕೇಳುವಷ್ಟು ವಾಲ್ಯೂಮ್ ಏರಿಸಿ. ಐಸ್‌ನಿಂದ ಮಾಡಿದ ಚಾಕು ಹಿಡಿದು ಓಡಾಡುವ ಕೊಲೆಗಾರನೂ ಇದ್ದಾನೆ. ಚಾಕು ಕರಗಿಹೋಗುವ ಗೋಳಿಗೆ ಹುಡುಗ ಬಿದ್ದುಬಿದ್ದು ನಗುತ್ತಾನೆ. ನನ್ನ ಅಕ್ಕನ ಮಗಳು ಅದನ್ನು ಹಿಂದಕ್ಕೆ ಹಾಕಿಸಿ ಮತ್ತೆ ನೋಡಿದಳು.

ಒಂದೇ ಕೋರಿಕೆ. ಫೋನುಗಳನ್ನು ಬೇರೆ ಕೋಣೆಯಲ್ಲಿಡಿ. ಮಾತಿರುವ ಸಿನಿಮಾದಲ್ಲಿ ತಲೆ ತಗ್ಗಿಸಿದರೂ ಕಿವಿಗೆ ಅಷ್ಟಿಷ್ಟು ಬೀಳುತ್ತದೆ. ಇಲ್ಲಿ ತಲೆ ತಗ್ಗಿಸಿದರೆ ಕಥೆಯೇ ಹೋಯಿತು.

ಪ್ರಶ್ನೆ: ಹೊಸ ಟಿವಿ ತಂದೆವು. ಒಳ್ಳೆಯ ಸಿನಿಮಾ ಕೂಡ ಧಾರಾವಾಹಿ ಥರ ಕಾಣುತ್ತಿದೆ. ಟಿವಿಯೇ ಕೆಟ್ಟದ್ದಾ?

ಉತ್ತರ: ಟಿವಿ ಚೆನ್ನಾಗಿಯೇ ಇದೆ, ಸೆಟ್ಟಿಂಗ್ ಸರಿಯಿಲ್ಲ. ಸಿನಿಮಾವನ್ನು ಸಾಮಾನ್ಯವಾಗಿ ಸೆಕೆಂಡಿಗೆ 24 ಚಿತ್ರಗಳ ಲೆಕ್ಕದಲ್ಲಿ ತೆಗೆಯುತ್ತಾರೆ. ಟಿವಿ ಪರದೆ ಸೆಕೆಂಡಿಗೆ 60 ಅಥವಾ 120 ಸಲ ಬದಲಾಗಬಲ್ಲದು. ಆ ಅಂತರ ತುಂಬಲು ಟಿವಿ ನಡುನಡುವೆ ತಾನೇ ಹೊಸ ಚಿತ್ರಗಳನ್ನು ಮಾಡಿ ಸೇರಿಸುತ್ತದೆ. ಕ್ರಿಕೆಟ್ಟಿಗೆ ಇದು ಒಳ್ಳೆಯದೇ. ಸಿನಿಮಾದಲ್ಲಿ ಮಾತ್ರ ನಟರು ಜಾರಿಕೊಂಡು ಹೋದ ಹಾಗೆ, ಸೆಟ್ಟು ಸೆಟ್ಟಿನ ಹಾಗೇ ಕಾಣುತ್ತದೆ. ನನಗಂತೂ ಐದು ನಿಮಿಷ ತಡೆಯಲಾಗುವುದಿಲ್ಲ.

ಪಿಕ್ಚರ್ ಸೆಟ್ಟಿಂಗ್ಸ್‌ಗೆ ಹೋಗಿ. ‘ಮೋಷನ್’, ‘ಸ್ಮೂತ್’ ಅನ್ನುವ ಪದ ಎಲ್ಲಿದೆಯೋ ಅದನ್ನು ಆಫ್ ಮಾಡಿ. ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಇನ್ನೂ ಸುಲಭ, ಅದೊಂದನ್ನು ಆರಿಸಿದರೆ ಸಾಕು. ಮೊದಮೊದಲು ಬಣ್ಣ ಮಂಕಾಯಿತು ಅನ್ನಿಸಬಹುದು. ದೀಪ ಆರಿಸಿ ನೋಡಿ, ಕಣ್ಣು ಹೊಂದಿಕೊಳ್ಳುತ್ತದೆ.

ಪ್ರಶ್ನೆ: ಪರದೆಯ ಮೇಲೂ ಕೆಳಗೂ ಕಪ್ಪು ಪಟ್ಟಿ ಬರುತ್ತದೆ. ಜೂಮ್ ಮಾಡಬಹುದಾ?

ಉತ್ತರ: ದಯವಿಟ್ಟು ಬೇಡ. ಟಿವಿಯ ಅಳತೆ 16:9. ಅದಕ್ಕಿಂತ ಅಗಲವಾಗಿ ತೆಗೆದ ಚಿತ್ರ ಪೂರ್ತಿ ಕಾಣಬೇಕಾದರೆ ಆ ಪಟ್ಟಿ ಇರಲೇಬೇಕು. ಜೂಮ್ ಮಾಡಿದರೆ ಎಡಬಲದಲ್ಲಿ ನಿಂತವರು ಹೊರಗೆ ಹೋಗುತ್ತಾರೆ.

ಪ್ರಶ್ನೆ: ಮಾತು ಕೇಳಿಸುವುದಿಲ್ಲ ಅಂತ ಸೌಂಡ್ ಏರಿಸಿದರೆ, ಫೈಟಿಂಗ್ ಬಂದಾಗ ಮನೆಯೇ ನಡುಗುತ್ತದೆ. ಏನು ಮಾಡಲಿ?

ಉತ್ತರ: ಥಿಯೇಟರಿನಲ್ಲಿ ಮಾತು ಬರುವುದು ಹೆಚ್ಚಾಗಿ ಪರದೆಯ ನಡುವಿನ ಸ್ಪೀಕರಿನಿಂದ. ಮನೆಯ ಟಿವಿ ಎಲ್ಲ ಸದ್ದನ್ನೂ ತನ್ನ ಪುಟ್ಟ ಸ್ಪೀಕರುಗಳಿಗೇ ತುರುಕುತ್ತದೆ. ಆಡಿಯೋ ಆಯ್ಕೆಯಲ್ಲಿ 5.1 (ಆರು ಸ್ಪೀಕರುಗಳಿಗೆ ಹಂಚಿದ ಸದ್ದು) ಬದಲು ಸ್ಟೀರಿಯೋ (ಎರಡೇ ಸ್ಪೀಕರಿಗೆ ಹೊಂದಿಸಿದ್ದು) ಇದ್ದರೆ ಅದನ್ನು ಹಾಕಿ. ನೈಟ್ ಮೋಡ್ ಇದ್ದರೆ ಅದೂ ಆಗುತ್ತದೆ, ದೊಡ್ಡ ಸದ್ದನ್ನು ತಗ್ಗಿಸುತ್ತದೆ.

ಪ್ರಶ್ನೆ: ಮನೆಯಲ್ಲಿ ನೋಡಲೇಬಾರದ ಸಿನಿಮಾ ಅಂತ ಇದೆಯಾ?

ಉತ್ತರ: ನೋಡಲೇಬಾರದು ಅನ್ನಲಾರೆ. ‘ಲಾರೆನ್ಸ್ ಆಫ್ ಅರೇಬಿಯಾ’ (1962) ಮಾತ್ರ ನನ್ನ ಮನಸ್ಸಿಗೆ ನೋವು ಕೊಟ್ಟಿತು. ಒಮರ್ ಶರೀಫ್ ಬರುವ ದೃಶ್ಯ ನೆನಪಿದೆಯಾ? ಮರುಭೂಮಿಯ ಬಿಸಿಲ್ಗುದುರೆಯ ನಡುವೆ ಒಂದು ಚುಕ್ಕೆ. ಅದು ನಿಧಾನಕ್ಕೆ ಅಲುಗಾಡುತ್ತಾ, ಒಂಟೆಯಾಗಿ, ಸವಾರನಾಗಿ ಹತ್ತಿರ ಬರುತ್ತದೆ. 70 ಎಂಎಂ ಪರದೆಗೆಂದು ತೆಗೆದದ್ದು. ನಮ್ಮ ಟಿವಿಯಲ್ಲಿ ಆ ಚುಕ್ಕೆ ಎಲ್ಲಿದೆ ಅಂತ ಹುಡುಕುವಷ್ಟರಲ್ಲಿ ಸವಾರ ಬಂದೇಬಿಟ್ಟಿರುತ್ತಾನೆ. ಬರುವುದು ಯಾರೋ ಏನೋ ಅನ್ನುವ ಭಯವೇ ಆ ದೃಶ್ಯದ ಜೀವ. ಚುಕ್ಕೆ ಕಾಣದಿದ್ದರೆ ಭಯ ಎಲ್ಲಿಂದ ಬರಬೇಕು?

ಎಲ್ಲಾದರೂ ದೊಡ್ಡ ಪರದೆಯಲ್ಲಿ ಹಾಕಿದರೆ ಕೆಲಸ ಬಿಟ್ಟು ಹೋಗಿ. ಮನೆಯಲ್ಲೇ ನೋಡುವುದಾದರೆ ಪರದೆಗೆ ಆದಷ್ಟು ಹತ್ತಿರ ಕುರ್ಚಿ ಹಾಕಿಕೊಳ್ಳಿ. ಮೂರೂವರೆ ಗಂಟೆಗೂ ಜಾಸ್ತಿ ಉದ್ದದ ಚಿತ್ರ. ಮಧ್ಯಂತರವನ್ನು ಚಿತ್ರದಲ್ಲೇ ಇಟ್ಟಿದ್ದಾರೆ. ನಿಲ್ಲಿಸುವುದಿದ್ದರೆ ಅಲ್ಲಿ ನಿಲ್ಲಿಸಿ, ಸುಮ್ನೆ ಎಲ್ಲೆಂದರಲ್ಲಿ ಬೇಡ.