ನೀರು ತುಂಬಿದ ಭೂಗತ ಗಣಿಯನ್ನು ಪರಿಸರ ಕೆಡದಂತೆ ಮತ್ತೆ ತೆರೆಯುವುದು ಹೇಗೆ?

ನೀರನ್ನು ಮೇಲ್ಪದರದಿಂದ ನಿಧಾನವಾಗಿ ಎತ್ತಬೇಕು, ಶುದ್ಧೀಕರಿಸಿಯೇ ಹೊರಬಿಡಬೇಕು. ಪಂಪು ಇಳಿಸುವ ಮೊದಲೇ ಶುದ್ಧೀಕರಣ ಘಟಕ ಸಿದ್ಧವಿರಬೇಕು.

ಮುಖ್ಯ ಕಾರಣ ಅನೇಕ ಗಣಿಗಳ ಬಂಡೆಯಲ್ಲಿರುವ ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ. ಗಾಳಿ, ನೀರು ಎರಡೂ ತಗುಲಿದರೆ ಅದರಿಂದ ಗಂಧಕಾಮ್ಲ ಹುಟ್ಟುತ್ತದೆ. ಆ ಆಮ್ಲ ಲೋಹಗಳನ್ನು ಕರಗಿಸುತ್ತದೆ. ಗಣಿ ಪೂರ್ತಿ ಮುಳುಗಿದಾಗ ಆಮ್ಲಜನಕ ಸಿಗದೆ ಈ ಕ್ರಿಯೆ ಬಹುತೇಕ ನಿಲ್ಲುತ್ತದೆ. ನೀರಿಳಿದಂತೆ ಒದ್ದೆ ಗೋಡೆಗಳಿಗೆ ಗಾಳಿ ತಾಗಿ ಮತ್ತೆ ಶುರುವಾಗುತ್ತದೆ. ಜೊತೆಗೆ, ಲವಣ ಮತ್ತು ಲೋಹ ಹೆಚ್ಚಿರುವ ಭಾರದ ನೀರು ಸಾಮಾನ್ಯವಾಗಿ ತಳದಲ್ಲಿರುತ್ತದೆ. ಹಾಗಾಗಿ ಮೇಲಿನ ತಿಳಿನೀರಿನ ಮಾದರಿಯೊಂದನ್ನೇ ನಂಬಿ ಘಟಕ ಕಟ್ಟುವುದು ದೊಡ್ಡ ತಪ್ಪು. ಹಲವು ಆಳಗಳಿಂದ ಮಾದರಿ ತೆಗೆದು, ಅತಿ ಕೆಟ್ಟ ನೀರಿಗೆ ತಕ್ಕಂತೆ ಕಟ್ಟಬೇಕು.

ಎತ್ತಿದ ನೀರಿಗೆ ಗಾಳಿ ಹಾಯಿಸಿ, ಸುಣ್ಣ ಬೆರೆಸಿ ಪಿಎಚ್ ಅನ್ನು, ಅಂದರೆ ಆಮ್ಲ-ಕ್ಷಾರದ ಅಳತೆಯನ್ನು, 8.5ರ ಆಸುಪಾಸಿಗೆ ಏರಿಸಿದರೆ ಕಬ್ಬಿಣ ಕಣಗಳಾಗಿ ತಳಕ್ಕಿಳಿಯುತ್ತದೆ. ಮ್ಯಾಂಗನೀಸ್ ಅಷ್ಟು ಸುಲಭಕ್ಕೆ ಬಗ್ಗದು. ಸುಣ್ಣದಿಂದಲೇ ತೆಗೆಯಬೇಕಾದರೆ ಪಿಎಚ್ 9.5 ದಾಟಬೇಕಾಗುತ್ತದೆ, ಆಮೇಲೆ ಹೊಳೆಗೆ ಬಿಡುವ ಮುನ್ನ ತಗ್ಗಿಸಬೇಕು. ಉಳಿದ ಕೆಸರಿನಲ್ಲಿ ಲೋಹವಿರುವುದರಿಂದ ಅದನ್ನು ತಳ ಸೋರದ ಗುಂಡಿಯಲ್ಲೇ ಇಡಬೇಕು.

ಅವಸರ ಬೇಡ. ನೀರು ಬೇಗ ಇಳಿದರೆ ಬಂಡೆಯೊಳಗೆ ಉಳಿದ ನೀರಿನ ಒತ್ತಡ ಗೋಡೆಯನ್ನು ಒಳಗಿನಿಂದ ತಳ್ಳಿ ಕುಸಿಸಬಹುದು. ನೀರಿನಲ್ಲಿ ಕರಗಿದ್ದ ಹೈಡ್ರೋಜನ್ ಸಲ್ಫೈಡ್‌ನಂಥ ವಿಷಾನಿಲವೂ ಹೊರಬರುತ್ತದೆ. ಗಾಳಿ ಪರೀಕ್ಷಿಸದೆ ಯಾರನ್ನೂ ಒಳಗಿಳಿಸಕೂಡದು. ಅಂತರ್ಜಲ ಕುಸಿಯುತ್ತಿದೆಯೇ ಎಂದು ತಿಳಿಯಲು ಸುತ್ತಲಿನ ಬಾವಿಗಳ ಮಟ್ಟವನ್ನು ಪಂಪು ಹಾಕುವ ಮೊದಲಿನಿಂದಲೇ ಅಳೆಯುತ್ತಿರಬೇಕು.