ಕಿರಣ ಒಂದೇ, ಗೆರೆ ಎರಡು ಹೇಗೆ?

ಪ್ರಶ್ನೆ: ಬದಿಯಡ್ಕದಲ್ಲಿ ಮೈಕ್ ಸೆಟ್, ಆಂಪ್ಲಿಫಯರ್ ರಿಪೇರಿ ಮಾಡುತ್ತೇನೆ. ಹಳೆಯ 20 ಮೆಗಾಹರ್ಟ್ಸ್‌ನ ಎರಡು ಚಾನೆಲ್ ಆಸಿಲೋಸ್ಕೋಪ್ (ಸಿಗ್ನಲನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಯಂತ್ರ) ಸೆಕೆಂಡ್ ಹ್ಯಾಂಡಿಗೆ ಸಿಕ್ಕಿತು. ಎರಡೂ ಚಾನೆಲ್ ಒಟ್ಟಿಗೆ ತೋರಿಸುವ ಬಟನನ್ನು ಆಲ್ಟ್‌ಗೆ ಹಾಕಿ 50 ಹರ್ಟ್ಸ್ ನೋಡಿದರೆ ಗೆರೆಗಳು ಮಿಣುಕುತ್ತವೆ. ಚಾಪ್‌ಗೆ ಹಾಕಿ 10 ಕಿಲೋಹರ್ಟ್ಸ್ ನೋಡಿದರೆ ಗೆರೆ ತುಂಡು ತುಂಡು. ಒಳಗಿನ ಸ್ವಿಚಿಂಗ್ ಕೆಟ್ಟಿದೆಯಾ?

ಉತ್ತರ: ಕೆಟ್ಟಿಲ್ಲ. ಸುಮ್ನೆ ಬಿಚ್ಚಲು ಹೋಗಬೇಡಿ, ಪರದೆಯ ಟ್ಯೂಬಿನ ಕಡೆ ಸಾವಿರಾರು ವೋಲ್ಟ್ ಇರುತ್ತದೆ.

ಟ್ಯೂಬಿನಲ್ಲಿ ಗೆರೆ ಎಳೆಯುವ ಎಲೆಕ್ಟ್ರಾನ್ ಕಿರಣ ಒಂದೇ. ಚಾನೆಲಿಗೊಂದು ಪ್ರೀ-ಆಂಪ್ಲಿಫಯರ್, ಅದರ ಮುಂದೆ ಡಯೋಡುಗಳ ಒಂದು ಗೇಟು. ಗೇಟು ದಾಟಿದ ಮೇಲೆ ಎರಡಕ್ಕೂ ಸೇರಿ ಒಂದೇ ಮುಖ್ಯ ಆಂಪ್ಲಿಫಯರ್. ಒಂದು ಗೇಟು ತೆರೆದಾಗ ಇನ್ನೊಂದನ್ನು ಮುಚ್ಚುವ ಕೆಲಸ ಫ್ಲಿಪ್‌ಫ್ಲಾಪಿನದು, ಅಂದರೆ ತಟ್ಟಿದಾಗಲೆಲ್ಲ ಆಚೆ ಈಚೆ ಬದಲಾಗುವ ಸರ್ಕ್ಯೂಟಿನದು. ಆಲ್ಟ್, ಚಾಪ್ ಎಂದು ನೀವು ಒತ್ತುವಾಗ ಬದಲಾಗುವುದು ಇಷ್ಟೇ: ಆ ಫ್ಲಿಪ್‌ಫ್ಲಾಪನ್ನು ಯಾರು ತಟ್ಟುವುದು ಎಂಬುದು.

ನಮ್ಮ ಕಡೆಯ ಊಟದ ಹಂತಿ ನೆನಪಿಸಿಕೊಳ್ಳಿ. ಎದುರುಬದುರು ಎರಡು ಸಾಲು, ಸಾರು ಬಡಿಸುವವ ಒಬ್ಬ. ಒಂದು ಸಾಲು ಕೊನೆವರೆಗೆ ಮುಗಿಸಿ ಇನ್ನೊಂದಕ್ಕೆ ಬಂದರೆ ಆಲ್ಟ್. ನಡುವೆ ನಡೆಯುತ್ತಾ ಆಚೆಗೊಂದು ಸೌಟು, ಈಚೆಗೊಂದು ಸೌಟು ಹಾಕಿದರೆ ಚಾಪ್.

ಆಲ್ಟ್‌ನಲ್ಲಿ ಪ್ರತಿ ಸ್ವೀಪ್ (ಕಿರಣ ಎಡದಿಂದ ಬಲಕ್ಕೆ ಒಮ್ಮೆ ಓಡುವುದು) ಮುಗಿದಾಗ ಬರುವ ಪಲ್ಸ್ ತಟ್ಟುತ್ತದೆ. ನೀವು ಡಿವಿಜನ್‌ಗೆ (ಪರದೆಯ ಒಂದು ಚೌಕಕ್ಕೆ) 5 ಮಿಲಿಸೆಕೆಂಡ್ ಇಟ್ಟರೆ 10 ಡಿವಿಜನ್‌ಗೆ 50 ಮಿಲಿಸೆಕೆಂಡ್. ಎರಡು ಚಾನೆಲಿಗೆ 100. ಅಂದರೆ ಒಂದು ಗೆರೆಗೆ ಸೆಕೆಂಡಿಗೆ ಹೆಚ್ಚೆಂದರೆ 10 ಸಲ ಸರದಿ. ಮಿಣುಕದೆ ಇರುತ್ತದಾ?

ಚಾಪ್‌ನಲ್ಲಿ ತಟ್ಟುವುದು ತನ್ನಷ್ಟಕ್ಕೆ ಓಡುವ ಆಸಿಲೇಟರ್. ಅದು 250 ಕಿಲೋಹರ್ಟ್ಸ್ ಎಂದಿಟ್ಟುಕೊಳ್ಳಿ. ಡಿವಿಜನ್‌ಗೆ 1 ಮಿಲಿಸೆಕೆಂಡ್ ಇದ್ದರೆ ಒಂದು ಗೆರೆಗೆ 2500 ತುಂಡು, ಕಣ್ಣಿಗೆ ಕಾಣುವುದಿಲ್ಲ. 20 ಮೈಕ್ರೊಸೆಕೆಂಡಿಗೆ ತಂದರೆ ಬರೀ 50. ನೀವು ಕಂಡದ್ದು ಅದನ್ನೇ. ಹಾಗಾಗಿ ಸುಮಾರು 1 ಮಿಲಿಸೆಕೆಂಡಿಗಿಂತ ನಿಧಾನವಾದರೆ ಚಾಪ್, ವೇಗವಾದರೆ ಆಲ್ಟ್.

ಇನ್ನು ನೀವು ಕೇಳದ ವಿಷಯ. ಜಾಸ್ತಿ ಮೋಸ ಮಾಡುವುದು ಅದೇ. ಇನ್‌ಪುಟ್ಟಿಗೂ ಔಟ್‌ಪುಟ್ಟಿಗೂ ಫೇಸ್ ವ್ಯತ್ಯಾಸ (ಒಂದು ಅಲೆ ಇನ್ನೊಂದಕ್ಕಿಂತ ಎಷ್ಟು ಹಿಂದೆ ಮುಂದೆ ಎಂಬುದು) ನೋಡುವಾಗ ಟ್ರಿಗರ್ ಸೋರ್ಸ್, ಅಂದರೆ ಯಾವ ಸಿಗ್ನಲಿನಿಂದ ಸ್ವೀಪ್ ಶುರುವಾಗಬೇಕೆಂದು ಆರಿಸುವ ಸ್ವಿಚ್, 'ವರ್ಟ್ ಮೋಡ್'ನಲ್ಲಿ ಬೇಡ. ಆಲ್ಟ್‌ನಲ್ಲಿ ಆಗ ಪ್ರತಿ ಚಾನೆಲ್ ತನ್ನ ಸಿಗ್ನಲಿನಿಂದಲೇ ಸ್ವೀಪ್ ಶುರು ಮಾಡಿಸುತ್ತದೆ. ಎರಡೂ ಅಲೆ ಒಂದೇ ಕಡೆ ಶುರುವಾದ ಹಾಗೆ ಕಾಣುತ್ತವೆ, ಇರುವ ವ್ಯತ್ಯಾಸ ಮಾಯ. ಸೋರ್ಸನ್ನು ಚಾನೆಲ್ 1ಕ್ಕೇ ಇಡಿ.

ಆಡ್ ಬಟನ್ ಒತ್ತಿದರೆ ಎರಡೂ ಗೇಟು ಒಟ್ಟಿಗೆ ತೆರೆದು ಸಿಗ್ನಲುಗಳು ಕೂಡುತ್ತವೆ. ಚಾನೆಲ್ 2ನ್ನು ಇನ್ವರ್ಟ್ (ತಲೆಕೆಳಗು) ಮಾಡಿ, ಎರಡಕ್ಕೂ ಒಂದೇ ವೋಲ್ಟ್ ಸ್ಕೇಲ್ ಇಟ್ಟರೆ ವ್ಯತ್ಯಾಸ ಸಿಗುತ್ತದೆ. ಬ್ರಿಡ್ಜ್ ಔಟ್‌ಪುಟ್ಟಿನ (ಸ್ಪೀಕರಿನ ಎರಡೂ ತಂತಿಗೆ ಸಿಗ್ನಲ್ ಕೊಡುವ, ಯಾವುದೂ ಗ್ರೌಂಡ್ ಅಲ್ಲದ) ಆಂಪ್ಲಿಫಯರ್ ಬಂದಾಗ ನಿಮಗೆ ಇದು ಬೇಕೇ ಬೇಕು. ಎರಡು ಪ್ರೋಬಿನ (ಸ್ಕೋಪಿನ ಅಳೆಯುವ ತಂತಿಯ) ಗ್ರೌಂಡ್ ಕ್ಲಿಪ್ಪುಗಳೂ ಸ್ಕೋಪಿನ ಒಳಗೆ ಸೇರಿರುತ್ತವೆ. ಒಂದನ್ನು ಆಂಪ್ಲಿಫಯರ್ ಗ್ರೌಂಡಿಗೆ, ಇನ್ನೊಂದನ್ನು ಸ್ಪೀಕರಿನ ಮೈನಸ್‌ಗೆ ಕಚ್ಚಿಸಿದಿರೋ, ಔಟ್‌ಪುಟ್ ಐಸಿ ಹೋಯಿತೆಂದೇ ಲೆಕ್ಕ. ಎರಡು ಪ್ರೋಬಿನ ತುದಿ ಸ್ಪೀಕರಿನ ಎರಡು ತಂತಿಗೆ, ಕ್ಲಿಪ್ಪುಗಳು ಆಂಪ್ಲಿಫಯರ್ ಗ್ರೌಂಡಿಗೆ ಮಾತ್ರ.