ಬ್ಯಾಂಡ್‌ಸಾ ಬ್ಲೇಡ್ ಸರಿದಾಡುತ್ತಿದೆಯೇ? ಮೊದಲು ಕೆಳಚಕ್ರ ನೋಡಿ

ಪ್ರಶ್ನೆ: ಮನೆಯ ಶೆಡ್ಡಿನಲ್ಲಿ 14 ಇಂಚಿನ ಬ್ಯಾಂಡ್‌ಸಾ (ಮೇಲೆ ಕೆಳಗೆ ಎರಡು ಚಕ್ರಗಳ ಸುತ್ತ ಬಳೆಯಂತೆ ತಿರುಗುವ ಬ್ಲೇಡಿನ ಮರ ಕೊಯ್ಯುವ ಯಂತ್ರ) ಇದೆ. ಹೆಚ್ಚಾಗಿ ಹಲಸು, ಹೆಬ್ಬಲಸು ಕೊಯ್ಯುತ್ತೇನೆ. ಸ್ವಲ್ಪ ದಿನಕ್ಕೇ ಬ್ಲೇಡ್ ಹಿಂದೆ ಮುಂದೆ ಸರಿಯುತ್ತದೆ, ದಡದಡ ಸದ್ದು ಬರುತ್ತದೆ. ಎಲ್ಲ ಬಿಚ್ಚಿ ಸರಿಮಾಡಲು ಅರ್ಧ ದಿನ ಬೇಕು. ಮಳೆಗಾಲದಲ್ಲಿ ಮೇಜಿಗೆ ತುಕ್ಕು ಬೇರೆ. ಸುಲಭದ ದಾರಿ ಇದೆಯೇ?
– ಓದುಗರು, ಬದಿಯಡ್ಕ

ಉತ್ತರ: ಕೊಯ್ದ ಹುಡಿ ಬ್ಲೇಡಿನ ಜೊತೆ ಕೆಳಗಿಳಿದು, ಬ್ಲೇಡಿಗೂ ಕೆಳಚಕ್ರದ ಅಂಚಿಗೆ ಹೊದಿಸಿದ ರಬ್ಬರಿಗೂ ನಡುವೆ ಸಿಕ್ಕಿ ಅಪ್ಪಚ್ಚಿಯಾಗುತ್ತದೆ. ಪೂರ್ತಿ ಒಣಗದ ಹಲಸಾದರೆ ಮಯಣವೂ (ಮರದ ಅಂಟು) ಸೇರಿ ಗಟ್ಟಿಯಾಗಿ ಅಂಟುತ್ತದೆ. ಚಕ್ರ ಅಲ್ಲಲ್ಲಿ ಉಬ್ಬಿದಂತಾಗಿ ಬ್ಲೇಡಿನ ಬಿಗಿ ಏರಿಳಿಯುತ್ತದೆ. ನಿಮ್ಮ ತೊಂದರೆಗೆ ಹೆಚ್ಚಾಗಿ ಕಾರಣ ಇದೇ. ಖಚಿತಪಡಿಸಿಕೊಳ್ಳಲು ಪ್ಲಗ್ ಕಿತ್ತು ಚಕ್ರವನ್ನು ಕೈಯಲ್ಲಿ ತಿರುಗಿಸಿ. ಚಕ್ರದ ಪ್ರತಿ ಸುತ್ತಿಗೂ ಬ್ಲೇಡ್ ಹಾರಿದರೆ ದೋಷ ರಬ್ಬರಿನದು. ಎರಡು ಸುತ್ತು ದಾಟಿ ಒಮ್ಮೆ ಹಾರಿದರೆ ಬ್ಲೇಡಿನ ಬೆಸುಗೆಯದು.

ಅಂಟಿದ್ದನ್ನು ಮರದ ಚಕ್ಕೆಯಿಂದ ಕೆರೆದು, 120 ನಂಬರಿನ ಉಪ್ಪುಕಾಗದವನ್ನು ಹಗುರವಾಗಿ ಆಡಿಸಿ. ಮಯಣಕ್ಕೆ ತೆಂಗಿನೆಣ್ಣೆ ಎಂದು ಕೈ ಹೋಗುವುದು ಸಹಜ. ಆದರೆ ರಬ್ಬರಿಗೆ ಎಣ್ಣೆಯಾಗಲಿ ಸೀಮೆಎಣ್ಣೆಯಾಗಲಿ ತಾಗಲೇಬಾರದು. ಬ್ಲೇಡ್ ಜಾರುತ್ತದೆ, ರಬ್ಬರೂ ಹಾಳಾಗುತ್ತದೆ. ಸೀಮೆಎಣ್ಣೆ ಬಿಚ್ಚಿಟ್ಟ ಬ್ಲೇಡಿಗೆ ಮಾತ್ರ, ಅದನ್ನೂ ಚೆನ್ನಾಗಿ ಒರೆಸಿಯೇ ಮರಳಿ ಹಾಕಿ.

ಇನ್ನು ಶಾಶ್ವತ ಪರಿಹಾರ. ಗಟ್ಟಿ ನೈಲಾನ್ ಬ್ರಷ್ಷೊಂದನ್ನು ಕೆಳಚಕ್ರದ ಮೇಲರ್ಧಕ್ಕೆ, ಅಂದರೆ ಬ್ಲೇಡ್ ಸುತ್ತಿಕೊಳ್ಳದ ಭಾಗಕ್ಕೆ, ಎಳೆಗಳು ಮೆಲ್ಲಗೆ ತಾಗುವಂತೆ ಒಳಗೋಡೆಗೆ ಸ್ಕ್ರೂ ಮಾಡಿ. ಒತ್ತಿ ಕೂರಿಸಬೇಡಿ. ಕೆಳಗಿನ ಪೆಟ್ಟಿಗೆಗೆ ವ್ಯಾಕ್ಯೂಮ್ ಪೈಪ್ ಜೋಡಿಸಿದರೆ ಇನ್ನೂ ಒಳ್ಳೆಯದು. ಕೆಲಸದ ವೇಳೆಯಲ್ಲೇ ರಬ್ಬರ್ ಶುಚಿಯಾಗುತ್ತಿದ್ದರೆ ಮತ್ತೆ ಮತ್ತೆ ಬಿಚ್ಚುವ ಪ್ರಮೇಯ ಬಾರದು.

ಬ್ಲೇಡ್ ಮರಳಿ ಹಾಕುವಾಗ ಅರ್ಧ ದಿನ ಹೋಗುವುದು ಕ್ರಮ ತಪ್ಪುವುದರಿಂದ. ಮೊದಲು ಮೇಲಿನ, ಕೆಳಗಿನ ಗೈಡ್‌ಗಳನ್ನೆಲ್ಲ (ಬ್ಲೇಡ್ ಪಕ್ಕಕ್ಕೂ ಹಿಂದಕ್ಕೂ ಸರಿಯದಂತೆ ತಡೆಯುವ ಭಾಗಗಳು) ದೂರ ಸರಿಸಿ. ಬ್ಲೇಡ್ ಬಿಗಿ ಮಾಡಿ. ಮೇಲ್ಚಕ್ರವನ್ನು ಕೈಯಲ್ಲೇ ತಿರುಗಿಸುತ್ತಾ, ಅದರ ವಾಲು ತಿದ್ದುವ ತಿರುಪಿನಿಂದ ಬ್ಲೇಡನ್ನು ರಬ್ಬರಿನ ನಡುವೆ ನಿಲ್ಲಿಸಿ. ಗೈಡ್ ಕೊನೆಗೆ: ಪಕ್ಕದವುಗಳಿಗೆ ಒಂದು ಕಾಗದದಷ್ಟು ಸಂದು, ಅವುಗಳ ಮುಂದಿನ ಅಂಚು ಹಲ್ಲಿನ ಬುಡಕ್ಕಿಂತ ತುಸು ಹಿಂದೆ, ಬೆನ್ನಿನ ಬೇರಿಂಗಿಗೂ ಅಷ್ಟೇ ಸಂದು. ಗೈಡ್ ತಾಗಿಕೊಂಡಿರುವಾಗಲೇ ಬ್ಲೇಡನ್ನು ನಡುವಿಗೆ ತರಲು ಹೋದರೆ ಅದು ಎಲ್ಲಿ ನಿಂತಿದೆಯೆಂದೇ ತಿಳಿಯುವುದಿಲ್ಲ.

ದಿನದ ಕೆಲಸ ಮುಗಿದ ಮೇಲೆ ಬಿಗಿ ಸಡಿಲಿಸಿ, ಇಲ್ಲವಾದರೆ ರಬ್ಬರಿನಲ್ಲಿ ಗುಳಿ ಬೀಳುತ್ತದೆ. ಹಿಡಿಯನ್ನು ಎಷ್ಟು ಸುತ್ತು ಬಿಚ್ಚಿದಿರಿ ಎಂದು ಯಂತ್ರದ ಮೇಲೇ ಬರೆದಿಡಿ. ಮರುದಿನ ಅಷ್ಟೇ ಸುತ್ತು ಬಿಗಿ ಮಾಡಿದರಾಯಿತು. ಸಡಿಲವಿದೆ ಎಂಬ ಚೀಟಿಯನ್ನು ಸ್ವಿಚ್ಚಿಗೆ ತೂಗುಹಾಕಿ. ಗೈಡ್ ಸರಿಸಲು ಬೇಕಾಗುವ ಅಲೆನ್ ಕೀ (ಆರು ಮೂಲೆಯ ಕೀಲಿ) ಒಂದು ಅಯಸ್ಕಾಂತದಲ್ಲಿ ಚೌಕಟ್ಟಿಗೇ ಅಂಟಿಕೊಂಡಿರಲಿ.

ಮೇಜಿಗೆ ಎಣ್ಣೆ ಬೇಡ, ಹುಡಿ ಹಿಡಿಯುತ್ತದೆ, ಮರಕ್ಕೂ ಕಲೆ. ಜೂನ್‌ಗೆ ಮೊದಲೇ ತುಕ್ಕು ಉಜ್ಜಿ ತೆಗೆದು, ಮೇಣದ ಪಾಲಿಶ್ ತೆಳುವಾಗಿ ಸವರಿ, ಒಣಗಿದ ಮೇಲೆ ಬಟ್ಟೆಯಲ್ಲಿ ತಿಕ್ಕಿ. ಮಳೆಗಾಲವಿಡೀ ತಿಂಗಳಿಗೊಮ್ಮೆ ಹೀಗೆ ಮಾಡಿ. ಮುಚ್ಚಲು ಹತ್ತಿ ಬಟ್ಟೆ ಸಾಕು. ಪ್ಲಾಸ್ಟಿಕ್ ಹೊದಿಸಿದರೆ ಅಡಿಯಲ್ಲಿ ನೀರು ಬೆವರಿ ಮತ್ತೆ ತುಕ್ಕು ಹಿಡಿಯುತ್ತದೆ.